ಅಪ್‌ಡೇಟ್: ದಿವಾಳಿಯಿಂದ ಬಿಡುಗಡೆ ಸಿಕ್ತು, ಓವನ್ ಮತ್ತೆ ಹೊತ್ತಿಸ್ತೀನಿ

ಬೇಕರಿ ಮುಳುಗಿ ಜಿಲ್ಲಾ ಕೋರ್ಟಲ್ಲಿ ದಿವಾಳಿ ಅಂತ ಘೋಷಣೆ ಆಗಿದೆ, ಬೇಗ ಬಿಡುಗಡೆ (ಅಂದ್ರೆ ಹಳೆ ಸಾಲಗಳಿಂದ ಮುಕ್ತಿ) ಸಿಗುತ್ತಾ ಅಂತ ಕೇಳಿದ್ದೆನಲ್ಲ, ನಿನ್ನೆ ಆದೇಶ ಬಂತು. 1920ರ ಪ್ರಾಂತೀಯ ದಿವಾಳಿ ಕಾಯ್ದೆಯ 41ನೇ ಸೆಕ್ಷನ್ ನೋಡಿ ಅಂದವರಿಗೆ ದೊಡ್ಡ ನಮಸ್ಕಾರ: ಕೋರ್ಟ್ ಕೊಟ್ಟ ಗಡುವು ಮುಗಿಯೋವರೆಗೆ ಕಾಯಬೇಕಿಲ್ಲ, ಮೊದಲೇ ಅರ್ಜಿ ಹಾಕಬಹುದು. 2016ರ ಹೊಸ ದಿವಾಳಿ ಕಾನೂನಲ್ಲಿ ಹೋಗಿ ಅನ್ನೋ ಸಲಹೆ ನಡೀಲಿಲ್ಲ. ನಮ್ಮಂಥ ಒಂಟಿ ವ್ಯಾಪಾರಿಗಳಿಗೆ ಅನ್ವಯಿಸೋ ಅದರ ಭಾಗ ಇನ್ನೂ ಜಾರಿಗೇ ಬಂದಿಲ್ಲ.

ಆಸ್ತಿ ಸಾಲದ ರೂಪಾಯಿಗೆ 50 ಪೈಸೆಯಷ್ಟೂ ಇರಲಿಲ್ಲ, ಅದಕ್ಕೇ ಬಿಡುಗಡೆ ತಪ್ಪಬಹುದಿತ್ತು, ಆದ್ರೆ ಲಾಕ್‌ಡೌನ್ ನನ್ನ ತಪ್ಪಲ್ಲ ಅಂತ ಜಡ್ಜ್ ಒಪ್ಪಿದ್ರು. ಕಾಪಾಡಿದ್ದು ಡಾಲ್ಡಾ ಜಿಡ್ಡು ಹತ್ತಿದ ಮೂರು ವರ್ಷದ ಲೆಕ್ಕದ ಪುಸ್ತಕ (ಮನೆಯವಳು ರದ್ದಿಗೆ ಹಾಕೋಕೆ ಹೊರಟಿದ್ಲು!).

ಬೆಚ್ಚಿಬಿದ್ದಿದ್ದು ಇದಕ್ಕೆ: ಬಿಡುಗಡೆಗೆ ಮುಂಚೆ, ದಿವಾಳಿ ಅಂತ ಹೇಳದೆ 50 ರೂಪಾಯಿ ಉದ್ದರಿ ತಗೊಂಡ್ರೂ ಆರು ತಿಂಗಳವರೆಗೆ ಜೈಲಂತೆ. ಸದ್ಯ, ಮೂಲೆ ಅಂಗಡಿ ಶೆಟ್ರು ನನಗೆ ಉದ್ದರಿ ಕೊಡೋದನ್ನೇ ನಿಲ್ಲಿಸಿದ್ರು!