ಪಾರ್ಲರ್‌ನ ಯುವಿ ಬಾಕ್ಸ್ ನಾವೇ ರಿಪೇರಿ ಮಾಡಬಹುದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಚಿಕ್ಕ ಬ್ಯೂಟಿ ಪಾರ್ಲರ್ ಇದೆ. ಕತ್ತರಿ, ಬಾಚಣಿಗೆ ಇಟ್ಟು ಅತಿನೇರಳೆ (ಯುವಿ) ಬೆಳಕಿನಿಂದ ಕ್ರಿಮಿ ಸಾಯಿಸುವ ಸ್ಟೆರಿಲೈಸರ್ ಬಾಕ್ಸ್ ಕೈಕೊಟ್ಟಿದೆ. ಟ್ಯೂಬ್ ಮಿಣಮಿಣ ಅಂದು ಆರಿಹೋಗುತ್ತದೆ. ಸ್ಟಾರ್ಟರ್ ಹೋಗಿರಬಹುದು ಅಂತ ನನ್ನ ಅನುಮಾನ. ಪ್ಲಗ್ ಕಿತ್ತಿಟ್ಟು ಅಷ್ಟನ್ನು ನಾವೇ ಬದಲಾಯಿಸಬಹುದಾ?

ನಮ್ಮ ಯಜಮಾನರು ಬಾಗಿಲು ತೆರೆದರೆ ಟ್ಯೂಬ್ ಆರಿಸುವ ಸ್ವಿಚ್ ಶಾರ್ಟ್ ಮಾಡಿ, ತೆರೆದಿಟ್ಟೇ ನೋಡೋಣ ಅನ್ನುತ್ತಾರೆ. ನಾನು ಬಿಟ್ಟಿಲ್ಲ. ಅದು ಸುಮಾರು 254 ನ್ಯಾನೋಮೀಟರ್‌ನ ಯುವಿ-ಸಿ ಬೆಳಕು. ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ, ಉರಿ ಗೊತ್ತಾಗುವುದು ಕೆಲವು ಗಂಟೆ ಆದ ಮೇಲೆ. ಟ್ಯೂಬಿನಲ್ಲಿ ಪಾದರಸ ಬೇರೆ. ಮನೆ ಟ್ಯೂಬ್‌ಲೈಟ್ ಬಿಚ್ಚುವ ಧೈರ್ಯ ಇಲ್ಲಿ ನಡೆಯುವುದಿಲ್ಲ, ಅಲ್ವಾ?

ಹೊಸ ಟ್ಯೂಬ್ ತರುವಾಗ ವ್ಯಾಟ್ ಜೊತೆಗೆ ಇನ್ನೇನು ನೋಡಬೇಕು? ಪಾರ್ಲರ್ ಮೆಷಿನ್ ರಿಪೇರಿ ಮಾಡುವವರು ಮೈಸೂರಿನಲ್ಲಿ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.