ಮೈಸೂರು–ಚಾಮರಾಜನಗರ ರೈಲು ಹಳಿ ನೆಲದಡಿಗೆ ಹೋದರೆ ನಮ್ಮ ಏರಿಯಾ ಮನೆಗಳ ಬೆಲೆ ಏರುತ್ತಾ?

ಚಾಮರಾಜಪುರಂ ನಿವಾಸಿ: ಈ ಹಳಿ ಮೈಸೂರನ್ನು ಎರಡು ಹೋಳು ಮಾಡಿದೆ. ಕುಕ್ಕರಹಳ್ಳಿ ರೈಲ್ವೆ ಗೇಟ್ ಹಾಕಿದರೆ ಆಂಬುಲೆನ್ಸೂ ನಿಲ್ಲಬೇಕು. ರೈಲು ಹೋದಾಗಲೆಲ್ಲ ನಮ್ಮನೆ ಸಜ್ಜೆ ಮೇಲಿನ ಸ್ಟೀಲ್ ಡಬ್ಬಗಳು ಗಡಗಡ ಅನ್ನುತ್ತವೆ. ಅಶೋಕಪುರಂವರೆಗೆ ಸುರಂಗ ಮಾಡಲಿ. ಅಮೆರಿಕದ ಬಾಸ್ಟನ್‌ನಲ್ಲಿ ಹೆದ್ದಾರಿ ಸುರಂಗದೊಳಗೆ ಹೋಯಿತು, ಮೇಲೆ ಪಾರ್ಕ್ ಬಂತು, ಪಕ್ಕದ ಆಸ್ತಿಗಳ ಬೆಲೆ ಏರಿತು. ಸಿಯೋಲ್‌ನಲ್ಲೂ ಅಷ್ಟೇ.

ನಿವೃತ್ತ ಎಂಜಿನಿಯರ್: ‘ಸಿಯೋಲ್‌ನಲ್ಲೂ ಅಷ್ಟೇ’ ಅಂದ್ರಾ? ಅಲ್ಲಿ ಮೇಲ್ಸೇತುವೆ ರಸ್ತೆ ಕೆಡವಿ, ಅದರಡಿ ಮುಚ್ಚಿಹೋಗಿದ್ದ ಹೊಳೆಯನ್ನು 2005ರಲ್ಲಿ ತೆರೆದರು. ಸುರಂಗ ಎಲ್ಲಿದೆ ಸ್ವಾಮಿ?

ಚಾಮರಾಜಪುರಂ ನಿವಾಸಿ: ರಸ್ತೆ ಕಣ್ಣೆದುರಿಂದ ಹೋಯಿತಲ್ಲ, ಅದೇ ಮುಖ್ಯ.

ನಿವೃತ್ತ ಎಂಜಿನಿಯರ್: ಮುಖ್ಯ ಅಲ್ಲವೇ ಅಲ್ಲ. ಕಾರು ಬೇರೆ ರಸ್ತೆ ಹಿಡಿಯುತ್ತೆ, ರೈಲು ಎಲ್ಲಿ ಹೋಗುತ್ತೆ? ಬಾಸ್ಟನ್ ಖರ್ಚು ಯಾಕೆ ಹೇಳಲಿಲ್ಲ? ಮೊದಲ ಅಂದಾಜು 280 ಕೋಟಿ ಡಾಲರ್. ಮುಗಿಯುವಷ್ಟರಲ್ಲಿ 1,400 ಕೋಟಿ ದಾಟಿತ್ತು. 2006ರಲ್ಲಿ ಸುರಂಗದ ಚಾವಣಿ ಕುಸಿದು ಒಬ್ಬ ಮಹಿಳೆ ಸತ್ತರು.

ಕೊಪ್ಪಲು ಬಾಡಿಗೆದಾರ: ‘ಬೆಲೆ ಏರಿತು’ ಅಂತೀರಲ್ಲ ಸಾರ್, ಅದು ಓನರ್‌ಗೆ ಲಾಭ. ಕೆ.ಜಿ. ಕೊಪ್ಪಲಿನಲ್ಲಿ ಹಳಿ ಪಕ್ಕ ಅಂತಲೇ ನಮಗೆ ಕಡಿಮೆ ಬಾಡಿಗೆಗೆ ಮನೆ ಸಿಕ್ಕಿರೋದು. ಸದ್ದು ನಿಂತರೆ ಮೊದಲು ಖಾಲಿ ಮಾಡಬೇಕಾದವರು ನಾವೇ.

ಚಾಮರಾಜಪುರಂ ನಿವಾಸಿ: ಬಾಡಿಗೆ ಮಾತು ಆಮೇಲೆ. ಎಂಜಿನಿಯರ್ ಸಾರ್, ಸಿಯೋಲ್‌ನಲ್ಲಿ ಬೆಲೆ ಏರಿದ್ದು ಸುಳ್ಳಾ? ಹೌದು ಅಥವಾ ಇಲ್ಲ ಅನ್ನಿ.

ನಿವೃತ್ತ ಎಂಜಿನಿಯರ್: ಏರಿದ್ದು ಹೊಳೆಗೆ. ಸುರಂಗಕ್ಕಲ್ಲ.

ಚಾಮರಾಜಪುರಂ ನಿವಾಸಿ: ಏರಿದ್ದು ಒಪ್ಪಿದಿರಿ ತಾನೇ! ಸಾಕು.

ನಿವೃತ್ತ ಎಂಜಿನಿಯರ್: ಏನನ್ನೂ ಒಪ್ಪಿಲ್ಲ! ಸುಮ್ನೆ ಮಾತು ತಿರುಚಬೇಡಿ. 100 ಅಡಿಗೆ 1 ಅಡಿ ಇಳಿಜಾರು ಅಂದುಕೊಂಡರೂ ರೈಲು 10 ಮೀಟರ್ ಕೆಳಗಿಳಿಯಲು 1 ಕಿಲೋಮೀಟರ್ ಬೇಕು. ಮೇಲೆ ಬರಲು ಮತ್ತೊಂದು. ಅಷ್ಟು ಉದ್ದಕ್ಕೂ ಎರಡೂ ಕಡೆ ಗೋಡೆ. ಅಲ್ಲಿನ ಮನೆಯವರಿಗೆ ಗೇಟೂ ಇರಲ್ಲ, ದಾರಿಯೂ ಇರಲ್ಲ. ಅವರ ಬೆಲೆ ಏರುತ್ತಾ?

ಸರಸ್ವತಿಪುರಂ ಅಮ್ಮ: ‘ದಾರಿಯೂ ಇರಲ್ಲ’ ಅಂತ ಹೆದರಿಸಬೇಡಿ. ಬೆಂಗಳೂರಲ್ಲಿ 2016ರಿಂದ ಮೆಟ್ರೋ ನೆಲದಡಿ ಓಡ್ತಾ ಇದೆ, ವಿಧಾನಸೌಧ ನಿಂತೇ ಇದೆ.

ನಿವೃತ್ತ ಎಂಜಿನಿಯರ್: ಮೆಟ್ರೋ ಜಾಸ್ತಿ ಇಳಿಜಾರು ಹತ್ತುತ್ತೆ ಮೇಡಂ, ಗೂಡ್ಸ್ ರೈಲು ಹತ್ತಲ್ಲ. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆ ಮೆಟ್ರೋ ಸುರಂಗದ ಮೇಲೆ ಗುಂಡಿ ಬಿದ್ದಿದ್ದು ಮರೆತಿರಾ?

ಸರಸ್ವತಿಪುರಂ ಅಮ್ಮ: ಗುಂಡಿ ಮುಚ್ಚಿದರು. ನಮ್ಮ ಗೇಟ್ ಮುಂದೆ ಮಕ್ಕಳು ಸ್ಕೂಲಿಗೆ ಲೇಟಾಗೋದು ಯಾವಾಗ ನಿಲ್ಲುತ್ತೆ?

ಕೊಪ್ಪಲು ಬಾಡಿಗೆದಾರ: ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಅಗೆತ ವರ್ಷಗಟ್ಟಲೆ ನಡೆದರೆ ಧೂಳು ಕುಡಿಯೋದು ನಾವು. ಮುಗಿದ ಮೇಲೆ ಪಾರ್ಕಲ್ಲಿ ವಾಕ್ ಮಾಡೋದು ಯಾರು?

ಚಾಮರಾಜಪುರಂ ನಿವಾಸಿ: ಪಾರ್ಕ್ ಎಲ್ಲರದ್ದು. ಸಿಯೋಲ್ ನೋಡಿ.