ಎಲ್ಲಾ ಮೊಬೈಲ್‌ನಲ್ಲೇ ಸಿಗುವಾಗ ಡಿಗ್ರಿ ಯಾಕೆ?

ಪ್ರಶ್ನೆ: "ಓದಿದವರಿಗೇನು ಗೊತ್ತು?" ಅನ್ನೋ ಮಾತು ಈಗ ಎಲ್ಲೆಡೆ ಕೇಳಿಬರುತ್ತೆ. ವಿಡಿಯೊದಲ್ಲಿ ಸಿಗದ ಯಾವುದು ಕಾಲೇಜಲ್ಲಿ ಸಿಗುತ್ತೆ ಅಂತ ಪಿಯುಸಿ ಮಕ್ಕಳಿಗೆ ಹೇಳೋದು?

ಉತ್ತರ 1: ಲ್ಯಾಬ್ ತೋರಿಸಿ. 1 ಮೀಟರ್ ಉದ್ದದ ಲೋಲಕ (ದಾರಕ್ಕೆ ಕಟ್ಟಿ ತೂಗಿಬಿಟ್ಟ ಗುಂಡು) ಒಮ್ಮೆ ಆಚೆ ಹೋಗಿ ವಾಪಸ್ ಬರೋಕೆ, ಅಂದರೆ ಒಂದು ಆಂದೋಲನಕ್ಕೆ, ಸುಮಾರು 2 ಸೆಕೆಂಡು. ಸ್ಟಾಪ್‌ವಾಚ್ ಒತ್ತುವಾಗ ಬೆರಳು 0.2 ಸೆಕೆಂಡು ತಡವಾದರೆ ಶೇ. 10 ತಪ್ಪು. 20 ಆಂದೋಲನ ಒಟ್ಟಿಗೆ ಅಳೆದರೆ ಅದೇ ತಪ್ಪು ಶೇ. 0.5ಕ್ಕೆ ಇಳಿಯುತ್ತೆ. ಈ ಅವಧಿಯಿಂದ ಭೂಮಿಯ ಗುರುತ್ವ ಲೆಕ್ಕ ಹಾಕುವಾಗ ಅವಧಿಯ ವರ್ಗ ಬರೋದರಿಂದ ಆ ತಪ್ಪು ದುಪ್ಪಟ್ಟಾಗಿ ಶೇ. 1 ಆಗುತ್ತೆ. "ನನ್ನ ಉತ್ತರ ಎಷ್ಟು ತಪ್ಪಿರಬಹುದು?" ಅಂತ ಕೇಳಿಕೊಳ್ಳೋ ಅಭ್ಯಾಸವೇ ಉನ್ನತ ಶಿಕ್ಷಣ.

ಉತ್ತರ 2: ಸರಿ ಸರ್, ಆದರೆ ಸೀನಿಯರ್ ರೆಕಾರ್ಡ್ ನೋಡಿ ಗುರುತ್ವಕ್ಕೆ ಪುಸ್ತಕದಲ್ಲಿರೋ 9.8 ಬರೋ ಹಾಗೆ ರೀಡಿಂಗ್ ತಿದ್ದಿದರೆ ಇದೆಲ್ಲಾ ದಂಡ. 9.4 ಬಂದರೆ 9.4 ಅಂತಲೇ ಬರೆಸಿ, ಕಾರಣ ಹುಡುಕಿಸಿ. ಎಷ್ಟೋ ಸಲ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ದಾರದ ತುದಿಗೇ ನಿಲ್ಲಿಸಿರುತ್ತಾರೆ. ಅಂಕ ಕಾರಣಕ್ಕೆ ಕೊಡಬೇಕು, ಉತ್ತರಕ್ಕಲ್ಲ.

ಉತ್ತರ 3: ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದರು. ಅವರು ಭೌತಶಾಸ್ತ್ರದ ಮೇಷ್ಟ್ರು. ಲ್ಯಾಬಿನ ಪ್ರಶ್ನೆಯನ್ನೇ ಬೀದಿಗೆ ತಂದವರು. ಅಂಥ ಧೈರ್ಯ ನಮ್ಮ ಕಾಲೇಜುಗಳಿಗೆ ಇವತ್ತೂ ಬೇಕು.